ಎರಡನೇ ಕ್ಲಾಸಿನಿಂದಲೂ ಇದ್ದ ಮರೆವು

ನನಗೀಗ 67. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಬಸ್ಸಿನಲ್ಲೇ ಬಿಟ್ಟಿಳಿದು, ಡಿಪೋಗೆ ಓಡಿದ್ದು ಎರಡು ಸಲ. ಹಾಲು ಉಕ್ಕಿಸದ ವಾರವಿಲ್ಲ. ಹೋದ ವರ್ಷ ಬೀರುವಿನ ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿದಾಗ ಮಗಳು ಹೆದರಿ, ಮರೆವಿನ ತಪಾಸಣೆಗೆ ಕರೆದೊಯ್ದಳು.

ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. ತೊಂಬತ್ತಮೂರು, ಎಂಬತ್ತಾರು... ಅಷ್ಟರಲ್ಲಿ ಫ್ಯಾನಿನ ಟಕ್‌ಟಕ್ ಕಿವಿಗೆ ಬಿತ್ತು. ಯಾವ ರೆಕ್ಕೆ ಬಾಗಿದೆಯೋ ಎಂದು ಮೇಲೆ ನೋಡುತ್ತಾ ಕೂತೆ. ಲೆಕ್ಕದ ಟೀಚರು ಫೇಲು! ‘ಯಾವಾಗಿನಿಂದ ಮರೆವು?’ ಎಂದು ಮಗಳನ್ನು ಕೇಳಿದರು. ಎರಡು ವರ್ಷದಿಂದ ಅಂದಳು. ನನ್ನನ್ನು ಕೇಳಿದ್ದರೆ ಎರಡನೇ ಕ್ಲಾಸಿನಿಂದ ಅನ್ನುತ್ತಿದ್ದೆ. ಡಿಮೆನ್ಶಿಯಾದ ಶುರು ಇರಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಗುಟ್ಟು ಬಿಟ್ಟುಕೊಟ್ಟವನು ಮೊಮ್ಮಗ. ಅವನದು ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ ಎಂದ ವೈದ್ಯೆ, ‘ಮನೆಯಲ್ಲಿ ಇನ್ಯಾರಾದರೂ ಹೀಗೇನಾ?’ ಎಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ವಂಶದಲ್ಲಿ ಇಳಿದುಬರುವುದು ಇದರ ರೀತಿಯಂತೆ. ನನ್ನ ಕಾಲದಲ್ಲಿ ಇದಕ್ಕೆ ಇದ್ದ ಮದ್ದು ಬೆತ್ತ.

ಹಾಗೆಂದು ನಿರಾಳವಾಗುವಂತಿಲ್ಲ. 2023ರಲ್ಲಿ ‘ಜಾಮಾ ನೆಟ್‌ವರ್ಕ್ ಓಪನ್’ ಪ್ರಕಟಿಸಿದ ಇಸ್ರೇಲಿನ ಅಧ್ಯಯನ 1.09 ಲಕ್ಷ ಜನರ ಆರೋಗ್ಯದ ದಾಖಲೆಯನ್ನು ಹದಿನೇಳು ವರ್ಷದಷ್ಟು ಜಾಲಾಡಿತ್ತು. ದೊಡ್ಡವರಾದ ಮೇಲೆ ಎಡಿಎಚ್‌ಡಿ ಪತ್ತೆಯಾದವರಿಗೆ ಡಿಮೆನ್ಶಿಯಾದ ಅಪಾಯ ಉಳಿದವರ ಸುಮಾರು 2.8 ಪಟ್ಟು. ಒಂದರಿಂದಲೇ ಇನ್ನೊಂದು ಬರುತ್ತದೆ ಎಂದು ಅದು ಸಾಬೀತು ಮಾಡಿಲ್ಲ. ನನ್ನ ಕಣ್ಣು ನಿಂತದ್ದು ಬೇರೆ ಅಂಕಿಯ ಮೇಲೆ: ಅಷ್ಟು ಜನರಲ್ಲಿ ಹಾಗೆ ಪತ್ತೆಯಾದವರು 730. ಹೆಸರೇ ಸಿಗದ ನನ್ನಂಥವರು ಉಳಿದ ಲಕ್ಷದೊಳಗೆ ಎಷ್ಟು ಮಂದಿಯೋ!

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಬಿಪಿ ಮಾತ್ರೆಯನ್ನು ವಾರಕ್ಕೆ ಮೂರು ದಿನವಾದರೂ ಮರೆಯುತ್ತಿದ್ದೆ. ಬಿಪಿ, ಸಕ್ಕರೆ, ಕಿವಿಮಂದ ಇವೆಲ್ಲ ಡಿಮೆನ್ಶಿಯಾಕ್ಕೆ ದಾರಿ ಮಾಡುವಂಥವು. ನಮ್ಮಂಥವರು ತಪ್ಪಿಸುವುದು ಇವುಗಳ ಔಷಧಿಯನ್ನೇ. ಈಗ ಮಾತ್ರೆಯ ಚೀಟಿಯನ್ನು ಕಾಫಿಪುಡಿ ಡಬ್ಬಿಗೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿದ್ದೇನೆ. ಕಾಫಿ ಕುಡಿಯುವುದನ್ನು ನಾನು ಇವತ್ತಿನವರೆಗೆ ಮರೆತದ್ದಿಲ್ಲ.

ಬೇರೆ ವೈದ್ಯರಿಗೆ ಎಲ್ಲ ಹೇಳಿದೆ. ಇದ್ದ ಮರೆವೇ ಇದೆಯೋ, ಹೊಸದು ಸೇರುತ್ತಿದೆಯೋ ಆರು ತಿಂಗಳು ಬಿಟ್ಟು ನೋಡೋಣ ಅಂದಿದ್ದಾರೆ. ಮರೆವಿನ ತಪಾಸಣೆಗೆ ಹೋಗುವ ಹಿರಿಯರು ಮಕ್ಕಳ ಜೊತೆಗೆ ಅಕ್ಕನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ. ನಮ್ಮ ಎರಡನೇ ಕ್ಲಾಸನ್ನು ಕಂಡವರು ಅವರೇ.