ಹಳೆಯ ಕಾರಿಗೆ ಹೊಸ ಬಣ್ಣ

ಅಜ್ಜನ ಕಾಲದ ಅಂಬಾಸಿಡರ್ ಕಾರೊಂದು ಬೇವಿನ ಮರದ ಕೆಳಗೆ ನಿಂತುಬಿಟ್ಟಿರುತ್ತದೆ. ಪರೀಕ್ಷೆ ಮುಗಿಸಿ ಕೊಡ್ಲಿಗೆ ಮರಳಿದ ಡಿಪ್ಲೊಮಾ ಓದುವ ಹುಡುಗನ ಕಣ್ಣು ಅದರ ಮೇಲೆ ಬೀಳುತ್ತದೆ. ಅಗಲ ಚಕ್ರ, ಹೊಸ ದೀಪ, ಮಿರಿಮಿರಿ ಮಿಂಚುವ ಬಣ್ಣ, ಎಲ್ಲವೂ ಅವನ ಮನಸ್ಸಿನಲ್ಲಿ ಆಗಲೇ ಸಿದ್ಧ. ತಂದೆಗೆ ದುಡ್ಡಿನ ಚಿಂತೆ, ತಾಯಿಗೆ ಮಗನ ಓದಿನ ಚಿಂತೆ. ಇಂಥ ಆಸೆಗೆ ಬೇಡವೆನ್ನುವುದು ಸುಲಭ. ಆದರೆ ಸರಿಯಾದ ಯೋಜನೆಯಿದ್ದರೆ ಪುಸ್ತಕ ಕಲಿಸದ ಎಷ್ಟೋ ವಿದ್ಯೆಯನ್ನು ಒಂದು ಹಳೆಯ ಕಾರು ಕಲಿಸಬಲ್ಲದು. ಯೋಜನೆಯಿಲ್ಲದಿದ್ದರೆ ಅದೇ ಕಾರು ಬಿಡಿಭಾಗಗಳ ರಾಶಿಯಾಗಿ ಅಂಗಳದಲ್ಲಿ ಉಳಿಯುತ್ತದೆ.

ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸುತ್ತಿಗೆಯನ್ನಲ್ಲ, ಕಾಗದಪತ್ರವನ್ನು. ಕಾರು ಯಾರ ಹೆಸರಿನಲ್ಲಿದೆ? ಎಂಜಿನ್ ಮತ್ತು ಚಾಸಿ ನಂಬರುಗಳು ಆರ್.ಸಿ. ಪುಸ್ತಕಕ್ಕೆ ತಾಳೆಯಾಗುತ್ತವೆಯೇ? ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣವಾಗಿದೆಯೇ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಆದ್ದರಿಂದ ಏನೇನು ಬದಲಿಸಬೇಕೆಂಬ ಪಟ್ಟಿ ಬರೆದು, ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಜಾಣತನ.

ಐವತ್ತು ವರ್ಷ ದಾಟಿದ ಕಾರಿದ್ದರೆ ಇನ್ನೂ ಒಂದು ವಿಚಾರವಿದೆ. 2021ರ ನಿಯಮಗಳಂತೆ ಅಂಥ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಭಾರಿ ಬದಲಾವಣೆ ಆಗಿರಬಾರದು. ಮೂಲ ರೂಪಕ್ಕೆ ತರುವುದೋ, ತಮ್ಮ ರುಚಿಗೆ ತಕ್ಕಂತೆ ಮಾರ್ಪಡಿಸುವುದೋ ಎಂಬುದನ್ನು ಮನೆಯವರೆಲ್ಲ ಕುಳಿತು ಮೊದಲೇ ತೀರ್ಮಾನಿಸಬೇಕು. ಅರ್ಧ ದಾರಿಯಲ್ಲಿ ಮನಸ್ಸು ಬದಲಾದರೆ ದುಡ್ಡು ಎರಡು ಪಟ್ಟು.

ಎರಡನೆಯದು ಜಂಗಿನ ಪರೀಕ್ಷೆ. ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸದಿಂದ ಬಂದದ್ದು. ಉತ್ತರಪಾರಾ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರಲ್ಲಿ ನಿಂತಿತು. ಹಳೆಯ ಜೀಪಿಗಿರುವಂತೆ ಇದಕ್ಕೆ ಬೇರೆಯೇ ಆದ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ಇವೇ ಕಾರಿನ ಬೆನ್ನೆಲುಬು. ಅಲ್ಲಿ ಜಂಗು ತಿಂದು ತೂತಾದರೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ಮೇಲೆ ಥಳಕು ಒಳಗೆ ಹುಳುಕು ಎನ್ನುವಂಥ ಕೆಲಸ. ಅಪಘಾತವಾದಾಗ ಒಳಗಿರುವವರನ್ನು ಪುಟ್ಟಿ ಕಾಪಾಡುವುದಿಲ್ಲ. ಕೊಳೆತ ತಗಡನ್ನು ಕತ್ತರಿಸಿ, ಹೊಸ ತಗಡನ್ನು ವೆಲ್ಡಿಂಗ್ ಮಾಡಲೇಬೇಕು. ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಪಟ್ಟಿಯ ಆಧಾರ ಕೊಡಬೇಕು. ಇಲ್ಲದಿದ್ದರೆ ಬಾಡಿ ಜಗ್ಗಿ, ಬಾಗಿಲು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಹಿಂದಿನವರು ಎಲ್ಲೆಲ್ಲಿ ಪುಟ್ಟಿ ಮೆತ್ತಿದ್ದಾರೆಂದು ತಿಳಿಯಲು ಬಟ್ಟೆ ಸುತ್ತಿದ ಅಯಸ್ಕಾಂತ ಸಾಕು. ದಪ್ಪ ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ.

ಮೂರನೆಯದು ಕೆಲಸದ ಕ್ರಮ. ಅಗಲ ಚಕ್ರ ಕೂರಿಸುವುದು, ದೀಪಕ್ಕೆ ತೂತು ಕೊರೆಯುವುದು, ಬಂಪರ್ ಬದಲಿಸುವುದು, ಇವೆಲ್ಲ ಬಣ್ಣಕ್ಕೆ ಮೊದಲೇ ಮುಗಿಯಬೇಕು. ಬಣ್ಣ ಹೊಡೆದ ಮೇಲೆ ವೆಲ್ಡಿಂಗ್ ಮಾಡಿದರೆ ಸುತ್ತಲಿನ ಬಣ್ಣ ಸುಟ್ಟುಹೋಗುತ್ತದೆ. ಟಿಂಕರಿಂಗ್ ಮುಗಿದ ಕಾರನ್ನು ಒಮ್ಮೆ ಪೂರ್ತಿ ಜೋಡಿಸಿ, ಬಾಗಿಲು, ಬಾನೆಟ್, ಡಿಕ್ಕಿಗಳ ಸಂದು ಒಂದೇ ಸಮವಿದೆಯೇ ಎಂದು ನೋಡಿ, ಮತ್ತೆ ಬಿಚ್ಚಿ ಬಣ್ಣಕ್ಕೆ ಕಳಿಸಬೇಕು. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದು, ಬೋಲ್ಟು ನಟ್ಟುಗಳನ್ನು ಹೆಸರು ಬರೆದ ಡಬ್ಬಿಗಳಲ್ಲಿ ಇಡುವ ಹುಡುಗ ಅರ್ಧ ಗೆದ್ದಂತೆ. ಇಡೀ ಕಾರನ್ನು ಒಂದೇ ಸಲ ಉಜ್ಜಿ ಬರಿ ತಗಡು ಮಾಡುವುದೂ ತಪ್ಪು. ಬರಿ ತಗಡಿಗೆ ಬೇಗ ಜಂಗು ಹಿಡಿಯುತ್ತದೆ. ಅಂದು ಉಜ್ಜಿದ ಭಾಗಕ್ಕೆ ಅಂದೇ ಪ್ರೈಮರ್ ಬೀಳಬೇಕು. ಹೀಗೆ ಭಾಗಭಾಗವಾಗಿ ಮಾಡಿದರೆ ಕಾಲೇಜು ತೆರೆದಾಗ ಕೆಲಸ ನಿಲ್ಲಿಸಿದರೂ ಕಾರು ಹಾಳಾಗುವುದಿಲ್ಲ.

ಇನ್ನು ಬಣ್ಣ. 1914ರಿಂದ 1925ರವರೆಗೆ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರುಗಳು ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿದ್ದವು. 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯ ‘ಡ್ಯೂಕೋ’ ಎಂಬ ಬೇಗ ಒಣಗುವ ಬಣ್ಣ ಬಂದ ಮೇಲೆ ಕಾರುಗಳು ಬಣ್ಣಬಣ್ಣವಾದವು. ಇಂದು ಬೇಕಾದ ಬಣ್ಣ ಸಿಗುತ್ತದೆ. ಆದರೆ ಮಿಲಿಟರಿ ಗಾಡಿಗಳ ಆಲಿವ್ ಹಸಿರನ್ನು ಮಾತ್ರ ಖಾಸಗಿ ವಾಹನಕ್ಕೆ ಹಚ್ಚುವಂತಿಲ್ಲ. ಬಣ್ಣವೂ ಆರ್.ಸಿ.ಯಲ್ಲಿ ನಮೂದಾಗಿರುವುದರಿಂದ ಬದಲಿಸಿದರೆ ಅಲ್ಲಿಯೂ ಸರಿಪಡಿಸಿಕೊಳ್ಳಬೇಕು.

ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಮಧ್ಯಾಹ್ನ ಬಣ್ಣ ಹೊಡೆದರೆ ಅದು ಹರಡಿ ಕೂರುವ ಮೊದಲೇ ಥಿನ್ನರ್ ಹಾರಿ, ಮೈ ಒರಟಾಗುತ್ತದೆ. ಮಳೆಗಾಲದ ತೇವದಲ್ಲಿ ಡ್ಯೂಕೋ ಬಣ್ಣ ಬಿಳಿಚಿಕೊಳ್ಳುತ್ತದೆ. ಮಳೆ ಮುಗಿದ ಮೇಲಿನ ತಂಪು ದಿನಗಳು, ಇಬ್ಬನಿ ಆರಿದ ಹೊತ್ತು ಒಳ್ಳೆಯದು. ಸೇಡಂ, ವಾಡಿ, ಶಹಾಬಾದ್ ಸಿಮೆಂಟಿನ ನಾಡು. ಸಿಮೆಂಟ್ ಧೂಳು ಕ್ಷಾರಗುಣದ್ದು, ಇಬ್ಬನಿಯೊಡನೆ ಸೇರಿದರೆ ಬಣ್ಣವನ್ನು ಕೆಡಿಸುತ್ತದೆ. ಬಯಲಿನಲ್ಲಿ ಬಣ್ಣ ಹೊಡೆಯದೆ ಮುಚ್ಚಿದ ಶೆಡ್ಡಿನಲ್ಲಿ, ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿಕೊಂಡು ಕೆಲಸ ಮಾಡಬೇಕು. ಮುಂದೆಯೂ ಧೂಳನ್ನು ನೀರಿನಿಂದ ತೊಳೆಯಬೇಕು. ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ.

ಪೋಷಕರು ಮುಖ್ಯವಾಗಿ ಗಮನಿಸಬೇಕಾದದ್ದು ಮಕ್ಕಳ ಆರೋಗ್ಯ. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು. ಅದನ್ನು ಒಣಗಿದಂತೆಯೇ ಉಜ್ಜದೆ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಬೇಕು, ಚಿಕ್ಕ ಮಕ್ಕಳನ್ನು ದೂರವಿಡಬೇಕು. ಇಂದು ಹೆಚ್ಚಾಗಿ ಬಳಸುವ ಪಿ.ಯು. ಬಣ್ಣದ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ಹನಿಗಳು ಉಸಿರಿನೊಳಗೆ ಹೋದರೆ ಆಸ್ತಮಾ ಬರುವ ಅಪಾಯವುಂಟು. ಮೂಗಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯದು. ಆದ್ದರಿಂದ ಟಿಂಕರಿಂಗ್, ಉಜ್ಜುವುದು, ಪ್ರೈಮರಿಗೆ ಮೈ ಸಿದ್ಧಗೊಳಿಸುವುದನ್ನು ಹುಡುಗನೇ ಅನುಭವಿ ಮಿಸ್ತ್ರಿಯ ಜೊತೆ ಕಲಿಯಲಿ. ಪಿ.ಯು. ಬಣ್ಣದ ಗನ್ ಹಿಡಿಯುವ ಕೆಲಸ ಬೂತ್ ಮತ್ತು ಶುದ್ಧ ಗಾಳಿಯ ಮುಖವಾಡವಿರುವ ವರ್ಕ್‌ಶಾಪಿಗೆ ಇರಲಿ. ಅದಕ್ಕೆ ಬೇಕಾದ ದುಡ್ಡನ್ನು ಮೊದಲೇ ತೆಗೆದಿಟ್ಟರೆ ಕೊನೆಗೆ ಪರದಾಡುವುದು ತಪ್ಪುತ್ತದೆ.

ಆಸಕ್ತಿ ನಿಜವಾಗಿದ್ದರೆ ಅದೇ ಕಸುಬಾಗಬಹುದು. ಐ.ಟಿ.ಐ.ಗಳ ಪಠ್ಯಕ್ರಮದಲ್ಲಿ ವಾಹನಗಳ ಬಾಡಿ ರಿಪೇರಿ ಮತ್ತು ಬಣ್ಣಗಾರಿಕೆಗೆ ಪ್ರತ್ಯೇಕ ಟ್ರೇಡುಗಳಿವೆ. ಒಳ್ಳೆಯ ಕೆಲಸ ಹೇಗಿರುತ್ತದೆಂದು ಕಣ್ಣಾರೆ ನೋಡಬೇಕೆನ್ನುವವರು ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೋ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ಕ್ಕೋ ಹೋಗಬಹುದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳು ಅಲ್ಲಿವೆ. ನೋಡುವಾಗ ಬಣ್ಣದ ಹೊಳಪಿಗೆ ಮರುಳಾಗದೆ ಬಾಗಿಲಿನ ಸಂದುಗಳನ್ನು, ತಗಡಿನ ಅಂಚುಗಳನ್ನು ಗಮನಿಸಬೇಕು. ಕೆಲಸಗಾರನ ಕೈ ತಿಳಿಯುವುದು ಅಲ್ಲಿಯೇ.