‘ಡಿಸ್ಕಸ್’ ಸಾಕು, ‘ಅಬೌಟ್’ ಯಾಕೆ?

ಯಾವ ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಗಾದರೂ ಹೋಗಿ, ಹಳೆಯ ಪ್ರಾಜೆಕ್ಟ್ ರಿಪೋರ್ಟ್‌ಗಳ ಕಪಾಟಿನಿಂದ ಕೈಗೆ ಸಿಕ್ಕಿದ್ದನ್ನು ತೆಗೆಯಿರಿ. ಎರಡನೇ ಅಧ್ಯಾಯ ಶುರುವಾಗುವುದೇ ‘ದಿಸ್ ಚಾಪ್ಟರ್ ಡಿಸ್ಕಸಸ್ ಅಬೌಟ್...’ ಎಂದು. ನಾಲ್ಕು ಪುಟ ತಿರುವಿದರೆ ‘ದಿ ಸಿಸ್ಟಮ್ ಕಂಪ್ರೈಸಸ್ ಆಫ್ ಥ್ರೀ ಮಾಡ್ಯೂಲ್ಸ್’. ಕೊನೆಗೆ ಬಂದರೆ ‘ಟು ಕೋಪ್ ಅಪ್ ವಿತ್ ದಿ ಡಿಮಾಂಡ್’. ಈ ಮೂರು ಕಡೆ ‘ಅಬೌಟ್’, ‘ಆಫ್’, ‘ಅಪ್’ ಎಂಬ ಪುಟ್ಟ ಪದಗಳಿಗೆ ಕೆಲಸವೇ ಇಲ್ಲ. ತೆಗೆದು ಓದಿ ನೋಡಿ, ಅರ್ಥ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಇವು ಬಂದದ್ದಾದರೂ ಎಲ್ಲಿಂದ? ದಡ್ಡತನದಿಂದಂತೂ ಅಲ್ಲ. ಒಂದಷ್ಟು ಬಂದದ್ದು ನಮ್ಮ ಕನ್ನಡದಿಂದ. ನಾವು ಸಮಸ್ಯೆಯ ‘ಬಗ್ಗೆ’ ಚರ್ಚಿಸುತ್ತೇವೆ, ಹಾಗಾಗಿ ‘ಡಿಸ್ಕಸ್ ಅಬೌಟ್’. ಪ್ರಶ್ನೆ‘ಗೆ’ ಉತ್ತರಿಸುತ್ತೇವೆ, ಹಾಗಾಗಿ ‘ಆನ್ಸರ್ ಟು ದಿ ಕ್ವೆಶ್ಚನ್’. ಚಿಗರಿ ಬಸ್ ಹತ್ತಿದವನು ಮನೆಗೆ ಫೋನ್ ಮಾಡಿ ‘ಧಾರವಾಡಕ್ಕ ಮುಟ್ಟಿದೆ’ ಅನ್ನುತ್ತಾನೆ, ಅದೇ ಇಂಗ್ಲಿಷಿಗೆ ಹೋಗುವಾಗ ‘ರೀಚ್ಡ್ ಟು ಧಾರವಾಡ್’ ಆಗುತ್ತದೆ. ನಾಮಪದದ ಬಾಲಕ್ಕೆ ವಿಭಕ್ತಿ ಹಚ್ಚಿ ಬೆಳೆದ ಕಿವಿ ನಮ್ಮದು. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಎಷ್ಟೋ ಸಲ ಪದದ ಜಾಗವೇ ಮಾಡುತ್ತದೆ. ಕ್ರಿಯಾಪದದ ಪಕ್ಕದಲ್ಲಿ ನಿಂತರೆ ಸಾಕು, ಅದೇ ಕರ್ಮ. ನಮಗೆ ಮಾತ್ರ ಏನೋ ಬಿಟ್ಟುಹೋದಂತೆ ಅನಿಸುತ್ತದೆ. ಆ ಖಾಲಿ ಜಾಗಕ್ಕೆ ಒಂದು ‘ಟು’ವನ್ನೋ ‘ಅಬೌಟ್’ ಅನ್ನೋ ತುರುಕುತ್ತೇವೆ.

ಇನ್ನೊಂದು ಕಾರಣ ಇಂಗ್ಲಿಷಿನೊಳಗೇ ಇದೆ. ಅದನ್ನು ಯಾರೂ ನಮಗೆ ಬಿಡಿಸಿ ಹೇಳುವುದಿಲ್ಲ. ‘ಎ ಡಿಸ್ಕಷನ್ ಅಬೌಟ್ ಫೀಸ್’ ಸರಿ, ‘ಡಿಸ್ಕಸ್ ಅಬೌಟ್ ಫೀಸ್’ ತಪ್ಪು. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ‘ಐ ರಿಕ್ವೆಸ್ಟ್ ಫಾರ್ ಲೀವ್’ನಲ್ಲಿ ‘ಫಾರ್’ ಹೆಚ್ಚು. ‘ಎಂಫಸಿಸ್ ಆನ್ ಸೇಫ್ಟಿ’ ಬರೆಯಬಹುದು, ‘ಎಂಫಸೈಸ್ ಆನ್ ಸೇಫ್ಟಿ’ ಬೇಡ. ‘ಡಿಮಾಂಡ್’, ‘ಆರ್ಡರ್’, ‘ಅಟ್ಯಾಕ್’, ‘ಅಪ್ರೋಚ್’ ಇವುಗಳದ್ದೂ ಇದೇ ಕಥೆ. ನಾಮಪದವಾಗಿದ್ದಾಗ ಬಾಲ ಬೇಕು, ಕ್ರಿಯಾಪದವಾದಾಗ ಬೇಡ. ಈ ಒಂದು ಮಾತನ್ನು ಬೋರ್ಡಿನ ಮೇಲೆ ಎರಡು ಸಾಲು ಮಾಡಿ ಬರೆದರೆ ಇಪ್ಪತ್ತು ನಿಮಿಷದ ಪಾಠ. ವಿಟಿಯುದಲ್ಲಿ ಇಂಗ್ಲಿಷ್ ಬರವಣಿಗೆಗೆಂದೇ ಒಂದು ಪೇಪರ್ ಇದೆ. ನಾವು ಅದನ್ನು ಪರೀಕ್ಷೆಯ ಹಿಂದಿನ ದಿನ ಬಹು ಆಯ್ಕೆಯ ಪ್ರಶ್ನೆ ಉರು ಹೊಡೆದು ದಾಟುವ ಹೊಳೆಯಂತೆ ನೋಡುತ್ತೇವೆ, ಆ ಮಾತು ಬೇರೆ.

ಮೂರನೆಯ ಗುಂಪು ‘ರಿಟರ್ನ್ ಬ್ಯಾಕ್’, ‘ರಿವರ್ಟ್ ಬ್ಯಾಕ್’, ‘ರಿಪೀಟ್ ಅಗೇನ್’. ಮೊದಲ ಅಕ್ಷರದ ‘ರಿ’ಯಲ್ಲೇ ಹಿಂದಕ್ಕೆ, ಮತ್ತೊಮ್ಮೆ ಎಂಬ ಅರ್ಥವಿದೆ. ಅದಕ್ಕೆ ‘ಬ್ಯಾಕ್’ ಸೇರಿಸುವುದು ‘ಗೇಟಿನ ಬಾಗಿಲು’ ಅಂದಂತೆ. ತಮಾಷೆಯೆಂದರೆ, ‘ಅತ್ಯುತ್ತಮ ಇಂಗ್ಲಿಷ್ ಸಂವಹನ ಕೌಶಲ ಕಡ್ಡಾಯ’ ಎಂದು ಪ್ಲೇಸ್‌ಮೆಂಟ್ ನೋಟಿಸ್ ಕಳಿಸುವ ಕಂಪನಿಗಳ ಮೇಲ್‌ಗಳೇ ಕೊನೆಯ ಸಾಲಿನಲ್ಲಿ ‘ಪ್ಲೀಸ್ ರಿವರ್ಟ್ ಬ್ಯಾಕ್’ ಎನ್ನುತ್ತವೆ!

ಹಾಗಂತ ಬಾಲ ಕಂಡಲ್ಲೆಲ್ಲ ಕತ್ತರಿ ಹಾಕುವಂತಿಲ್ಲ. ನಮ್ಮ ಭಾಷೆಯನ್ನೇ ನೋಡಿ. ‘ಓದು’ ಬೇರೆ, ‘ಓದಿಕೋ’ ಬೇರೆ, ‘ಓದಿಬಿಡು’ ಬೇರೆ. ಪರೀಕ್ಷೆಯ ಹಿಂದಿನ ರಾತ್ರಿ ಅವ್ವ ‘ಒಮ್ಮೆ ಓದಿಬಿಡಪಾ’ ಅಂದರೆ, ಹೇಗಾದರೂ ಮಾಡಿ ಮುಗಿಸು ಎಂಬ ಅರ್ಥವೆಲ್ಲ ಆ ‘ಬಿಡು’ವಿನಲ್ಲಿದೆ. ಇಂಗ್ಲಿಷಿನ ‘ಲುಕ್ ಫಾರ್’, ‘ಲುಕ್ ಆಫ್ಟರ್’, ‘ಲುಕ್ ಇಂಟು’ ಕೂಡ ಹಾಗೆಯೇ. ‘ಸೆಟ್ ಅಪ್’, ‘ಶಟ್ ಡೌನ್’ ಇಲ್ಲದೆ ನಮ್ಮ ಲ್ಯಾಬ್ ನಡೆಯುವುದಿಲ್ಲ. ‘ಎಂಟರ್ ದಿ ರೂಮ್’ಗೆ ‘ಇಂಟು’ ಬೇಡ, ಆದರೆ ಒಪ್ಪಂದ ಮಾಡಿಕೊಳ್ಳುವಾಗ ‘ಎಂಟರ್ ಇಂಟು’ ಬೇಕೇ ಬೇಕು. ‘ಕಂಪ್ರೈಸಸ್’ಗೆ ‘ಆಫ್’ ಬೇಡ, ಅದರ ಪಕ್ಕದ ಮನೆಯ ‘ಕನ್ಸಿಸ್ಟ್ಸ್’ಗೆ ಬೇಕು. ಸರ್ಕ್ಯೂಟಿನಿಂದ ಒಂದು ಬಿಡಿಭಾಗ ತೆಗೆದು ಔಟ್‌ಪುಟ್ ಬದಲಾಯಿತೇ ಎಂದು ನೋಡುತ್ತೇವಲ್ಲ, ಹಾಗೆ ಒಂದೊಂದನ್ನೂ ತೆಗೆದು ನೋಡಬೇಕು. ಅನುಮಾನ ಬಂದರೆ ಡಿಕ್ಷನರಿಯ ಉದಾಹರಣೆ ವಾಕ್ಯ ನೋಡುವುದು ಒಂದು ನಿಮಿಷದ ಕೆಲಸ.

ಈ ‘ಆಫ್’ ವಿಷಯದಲ್ಲಿ ಒಬ್ಬ ಮಹಾನುಭಾವನಿದ್ದಾನೆ. ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಬ್ರಯಾನ್ ಹೆಂಡರ್ಸನ್. ವಿಕಿಪೀಡಿಯಾದಲ್ಲಿ ‘ಕಂಪ್ರೈಸ್ಡ್ ಆಫ್’ ಕಂಡಲ್ಲೆಲ್ಲ ತಿದ್ದುತ್ತಾ ಹೋಗಿ, 2015ರಲ್ಲಿ ಸುದ್ದಿಯಾಗುವ ಹೊತ್ತಿಗೆ ಸುಮಾರು 47 ಸಾವಿರ ತಿದ್ದುಪಡಿ ಮಾಡಿದ್ದ. ಅಂದರೆ ಅಷ್ಟು ಸಲ ಬರೆದವರೂ ಇದ್ದರು, ಅವರಲ್ಲಿ ಇಂಗ್ಲಿಷ್ ಮಾತೃಭಾಷೆಯವರು ಕಡಿಮೆಯೇನಿರಲಿಕ್ಕಿಲ್ಲ. ಅವರವರಲ್ಲೇ ಒಮ್ಮತವಿಲ್ಲ. ಬ್ರಿಟಿಷರು ಫಾರ್ಮನ್ನು ‘ಫಿಲ್ ಇನ್’ ಮಾಡಿದರೆ ಅಮೆರಿಕನ್ನರು ‘ಫಿಲ್ ಔಟ್’ ಮಾಡುತ್ತಾರೆ, ನಾವು ‘ಫಿಲ್ ಅಪ್’ ಮಾಡುತ್ತೇವೆ. ಬ್ರಿಟಿಷರು ಬರೆಯುವ ‘ಪ್ರೊಟೆಸ್ಟ್ ಅಗೇನ್ಸ್ಟ್’ನಲ್ಲಿ ‘ಅಗೇನ್ಸ್ಟ್’ ಅನ್ನು ಅಮೆರಿಕನ್ನರು ಬಿಟ್ಟೇಬಿಡುತ್ತಾರೆ. ‘ಮೀಟ್’ ಸಾಲದೆ ‘ಮೀಟ್ ಅಪ್ ವಿತ್’ ಎಂದು ಎಳೆಯುವವರೂ ಅವರೇ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ಪುಟ್ಟ ಪದಗಳ ಹೆಸರಿನಲ್ಲಿ ಕ್ಯಾಂಪಸ್ಸಿನಲ್ಲಿ ನಡೆಯುವ ಇನ್ನೊಂದು ವ್ಯವಹಾರ ನನಗೆ ಸೇರುವುದಿಲ್ಲ. ಕಲಘಟಗಿ ಕಡೆಯ ಹಳ್ಳಿಯ ಗೆಳೆಯನೊಬ್ಬನಿದ್ದಾನೆ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಹೋದ ಸೆಮಿಸ್ಟರಿನಲ್ಲಿ ಗ್ರೂಪ್ ಡಿಸ್ಕಷನ್ ಅಭ್ಯಾಸಕ್ಕೆ ಕೂತಾಗ ಎಲೆಕ್ಟ್ರಿಕ್ ವಾಹನದ ವಿಷಯ ಬಂತು. ಬ್ಯಾಟರಿ ಬಗ್ಗೆ ನಮ್ಮಲ್ಲಿ ಅವನಷ್ಟು ಓದಿದವರಿಲ್ಲ. ‘ಲೆಟ್ ಅಸ್ ಡಿಸ್ಕಸ್ ಅಬೌಟ್ ಚಾರ್ಜಿಂಗ್’ ಅಂದ. ಇಬ್ಬರು ನಕ್ಕರು, ಒಬ್ಬ ‘ಅಬೌಟ್ ಬರಂಗಿಲ್ಲೋ’ ಅಂದ. ಮುಂದಿನ ಹತ್ತು ನಿಮಿಷ ಅವನು ಬಾಯಿ ತೆರೆಯಲಿಲ್ಲ. ಹಳ್ಳಿಗಳಲ್ಲಿ ವೋಲ್ಟೇಜ್ ಏರಿಳಿತದಿಂದ ಚಾರ್ಜಿಂಗ್‌ಗೆ ಆಗುವ ತೊಂದರೆ ಹೇಳಬೇಕೆಂದಿದ್ದ ಎಂದು ಆಮೇಲೆ ಹಾಸ್ಟೆಲ್ಲಿನಲ್ಲಿ ಗೊತ್ತಾಯಿತು. ಆ ಚರ್ಚೆಯಲ್ಲಿ ಹೊಸದೆನ್ನಬಹುದಾದ ಒಂದೇ ಅಂಶ ಅದಾಗಿತ್ತು. ನಕ್ಕವರಲ್ಲಿ ಒಬ್ಬನ ಇಂಟರ್ನ್‌ಶಿಪ್ ರಿಪೋರ್ಟ್ ನಾನು ನೋಡಿದ್ದೇನೆ. ಅದರಲ್ಲಿ ‘ಎಂಫಸೈಸ್ ಆನ್’ ಮೂರು ಕಡೆ ಇದೆ.

ಮಾತಿಗೂ ಬರವಣಿಗೆಗೂ ವ್ಯತ್ಯಾಸವಿದೆ ಎಂಬುದು ನನ್ನ ವಾದ. ಮಾತಾಡುವಾಗ ಒಂದು ‘ಬ್ಯಾಕ್’ ಹೆಚ್ಚಾದರೆ ಕೇಳುವವನಿಗೆ ನಷ್ಟವಿಲ್ಲ. ಬರೆದದ್ದು ಮಾತ್ರ ಹಾಗೇ ಉಳಿಯುತ್ತದೆ. ರೆಸ್ಯೂಮೆ ಓದುವವರು ನಮ್ಮ ಮುಖ ನೋಡಿರುವುದಿಲ್ಲ, ನಮ್ಮ ಬ್ಯಾಟರಿ ಜ್ಞಾನವೂ ಅವರಿಗೆ ಗೊತ್ತಿಲ್ಲ. ಅವರ ಮುಂದಿರುವುದು ಆ ಅರ್ಧ ಪುಟವಷ್ಟೇ. ಅಲ್ಲಿ ಕೆಲಸವಿಲ್ಲದ ಪದ ಯಾಕಿರಬೇಕು?

‘ಇಂಗ್ಲಿಷ್ ಏನು ನಮ್ಮವ್ವನ ಭಾಷೆ ಏನ್ಲೇ, ತಿಳದ್ರ ಸಾಕು’ ಎನ್ನುವವರೂ ಇದ್ದಾರೆ. ಈ ಊರಿನಲ್ಲಿ ಕೂತು ಆ ಮಾತು ಆಡುವುದು ಕಷ್ಟ. ವಿ.ಕೃ. ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ನಾಡೇ ಎದ್ದುನಿಂತದ್ದು ಅವರ ಅಧ್ಯಕ್ಷತೆಯ, 1980ರಲ್ಲಿ ನೇಮಕವಾದ ಸಮಿತಿಯ ವರದಿ ಜಾರಿಗಾಗಿ. ಇಂಗ್ಲಿಷನ್ನು ಅಚ್ಚುಕಟ್ಟಾಗಿ ಬರೆದರೆ ಕನ್ನಡಕ್ಕೆ ದ್ರೋಹವಾಗುವುದಿಲ್ಲ.

ಇನ್ನು ಚಾಟ್‌ಜಿಪಿಟಿಗೆ ಹಾಕಿದರೆ ಎಲ್ಲ ತಿದ್ದಿಕೊಡುತ್ತದೆ ಅನ್ನುವವರಿಗೆ: ಹೌದು, ‘ಅಬೌಟ್’ ತೆಗೆದು ಕೊಡುತ್ತದೆ. ಜೊತೆಗೆ ನೀವು ಹೇಳದ ನಾಲ್ಕು ವಿಶೇಷಣಗಳನ್ನೂ ಸೇರಿಸಿ ಕೊಡುತ್ತದೆ, ಯಾಕೆ ತೆಗೆದೆ ಎಂದು ಕೇಳದ ಹೊರತು ಹೇಳುವುದಿಲ್ಲ. ಇಂಟರ್‌ವ್ಯೂ ನಡುವೆ ಲಿಖಿತ ಪರೀಕ್ಷೆ ಇಟ್ಟರೆ ಮೊಬೈಲ್ ಹೊರಗಿಟ್ಟು ಹೋಗಬೇಕು.

ನಾವು ಆರು ಜನ ಈಗ ಶನಿವಾರ ಸಂಜೆ ಒಂದು ಗಂಟೆ ಸೇರುತ್ತೇವೆ. ಮೊದಲ ಅರ್ಧ ಗಂಟೆ ಮಾತು. ಆ ಹೊತ್ತಿನಲ್ಲಿ ಯಾರೂ ಯಾರ ವ್ಯಾಕರಣವನ್ನೂ ತಿದ್ದುವಂತಿಲ್ಲ. ಉಳಿದರ್ಧ ಗಂಟೆ ಬರೆದ ಒಂದು ಪುಟವನ್ನು ಪಕ್ಕದವನಿಗೆ ಕೊಟ್ಟು, ಪೆನ್ಸಿಲ್ಲಿನಲ್ಲಿ ಬೇಡದ ಬಾಲಗಳಿಗೆ ಸುತ್ತು ಹಾಕಿಸಿಕೊಳ್ಳುವುದು. ಕಲಘಟಗಿಯ ಗೆಳೆಯ ಎರಡು ವಾರದಿಂದ ಬರುತ್ತಿದ್ದಾನೆ. ಮೊನ್ನೆ ವೋಲ್ಟೇಜ್ ವಿಷಯ ಎತ್ತಿದವನು ನಿಲ್ಲಿಸಲೇ ಇಲ್ಲ. ಬರೆಯುವುದಕ್ಕೆ ಹತ್ತೇ ನಿಮಿಷ ಉಳಿಯಿತು.