ಹೊರಗಿನ ಅರ್ಧ

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದಾಗ ಅದು ‘ಆಕಾಶವಾಣಿ’ ಎಂಬ ಹೆಸರನ್ನು ಪಡೆಯಿತು. ತಂತಿಯ ಹಂಗಿಲ್ಲದೆ ಮಾತು ಊರಿನಿಂದೂರಿಗೆ ಹಾಯುವುದು ಅಂದಿನವರಿಗೆ ಅದ್ಭುತವಾಗಿತ್ತು. ಇಂದು ಅಂತಹುದೇ ನಿಸ್ತಂತು ವಿದ್ಯೆ ಕೆಲವೇ ಮಿಲಿಮೀಟರು ದಪ್ಪದ ಚರ್ಮವನ್ನು ದಾಟಿ, ಹುಟ್ಟಿನಿಂದ ಕಿವಿ ಕೇಳದ ಮಗುವಿನ ತಲೆಯೊಳಗೆ ನೆಲೆಗೊಳಿಸಿದ ಉಪಕರಣಕ್ಕೆ ಶಬ್ದದ ಸುದ್ದಿಯನ್ನು ಒಯ್ಯುತ್ತಿದೆ. ದೂರ ಕಿರಿದಾಯಿತೆಂದು ಹೊಣೆಯೂ ಕಿರಿದಾಯಿತೆಂದು ತಿಳಿಯಬಾರದು.

ಕಾಕ್ಲಿಯರ್ ಇಂಪ್ಲಾಂಟ್ ಎಂದು ಕರೆಯುವ ಈ ಸಾಧನಕ್ಕೆ ಎರಡು ಭಾಗಗಳುಂಟು. ಕಿವಿಯ ಹಿಂದೆ ಧರಿಸುವ ಯಂತ್ರವು ಸುತ್ತಲಿನ ದನಿಯನ್ನು ಹಿಡಿದು ಸಂಕೇತವಾಗಿ ಮಾರ್ಪಡಿಸುತ್ತದೆ. ಅಯಸ್ಕಾಂತದ ಬಲದಿಂದ ತಲೆಗೆ ಅಂಟಿಕೊಂಡ ಬಿಲ್ಲೆಯೊಳಗಿನ ತಂತಿಸುರುಳಿ ಆ ಸಂಕೇತವನ್ನು ಒಳಕ್ಕೆ ಕಳಿಸುತ್ತದೆ. ಶಸ್ತ್ರಚಿಕಿತ್ಸೆಯಿಂದ ಒಳಗಿಟ್ಟ ಭಾಗವು ಅದನ್ನು ಸ್ವೀಕರಿಸಿ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಳಗಿವಿಯಲ್ಲಿ ಸೇರಿಸಿದ 12ರಿಂದ 22 ವಿದ್ಯುದಗ್ರಗಳ ಮೂಲಕ ಶ್ರವಣನರವನ್ನು ಮಿಡಿಯುತ್ತದೆ. ಒಳಗಿನದಕ್ಕೆ ಸ್ವಂತ ಬ್ಯಾಟರಿಯಿಲ್ಲ. ಸಂದೇಶದಂತೆ ಶಕ್ತಿಯೂ ಹೊರಗಿನಿಂದಲೇ ಬರಬೇಕು. ಅದು ತನ್ನ ಸ್ಥಿತಿಯನ್ನು ಹೊರಕ್ಕೆ ತಿಳಿಸಲೂ ಬಲ್ಲುದು. ಆ ಉತ್ತರವನ್ನು ನೋಡಿ ಶ್ರವಣತಜ್ಞರು ದನಿಯ ಮಟ್ಟವನ್ನು ಮಗುವಿಗೆ ಹೊಂದುವಂತೆ ಹದಗೊಳಿಸುತ್ತಾರೆ.

1957ರಲ್ಲಿ ಪ್ಯಾರಿಸಿನಲ್ಲಿ ಜೂರ್ನೊ ಮತ್ತು ಎರಿಯೆಸ್ ಎಂಬಿಬ್ಬರು ಕಿವುಡನೊಬ್ಬನ ತಲೆಯೊಳಗೆ ತಂತಿಸುರುಳಿಯನ್ನಿಟ್ಟು ಹೀಗೆ ಶಬ್ದವನ್ನು ಮುಟ್ಟಿಸಿದರು. ರೋಗಿಯು ಕೆಲವು ಮಾತುಗಳನ್ನು ಗುರುತಿಸಿದನು. ಆದರೆ ಉಪಕರಣ ಕೆಟ್ಟಿತು. ಬದಲಿಗೆ ಇಟ್ಟದ್ದೂ ಕೆಟ್ಟಿತು. ಆ ರೋಗಿಯ ಮೇಲಿನ ಪ್ರಯೋಗ ಅಲ್ಲಿಗೆ ನಿಂತಿತು. 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕರು ಹಲವು ವಿದ್ಯುದಗ್ರಗಳ ಸಾಧನವನ್ನು ಅಳವಡಿಸಿ ಈ ವಿದ್ಯೆಯನ್ನು ಬಹಳ ಮುಂದಕ್ಕೊಯ್ದರು. ಆದರೂ ಪ್ಯಾರಿಸಿನ ಪಾಠ ಹಳೆಯದಾಗಿಲ್ಲ: ಕಟ್ಟಿದ ಸೇತುವೆಯನ್ನು ಕಾಯುವವರು ಬೇಕು.

2014ರಲ್ಲಿ ಪರಿಷ್ಕೃತವಾದ ಕೇಂದ್ರದ ಎಡಿಐಪಿ ಯೋಜನೆಯು ಇಂಪ್ಲಾಂಟಿಗೆ 6 ಲಕ್ಷ ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಿತು. ನಮ್ಮ ರಾಜ್ಯದ ‘ಶ್ರವಣ ಸಂಜೀವಿನಿ’ಯೂ ಇದೇ ದಾರಿಯದು. ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಶಸ್ತ್ರಚಿಕಿತ್ಸೆ ಒಂದು ದಿನದ್ದು, ಕೇಳುವುದು ಬಾಳಿನುದ್ದದ್ದು. ಹೊರಗಿನ ಯಂತ್ರ ಬೆವರಿಗೆ, ಮಳೆಗೆ, ಮಕ್ಕಳ ಆಟಕ್ಕೆ ಒಡ್ಡಿಕೊಂಡದ್ದು. ವೈರು ಸವೆಯುತ್ತದೆ, ಬ್ಯಾಟರಿ ಸೋಲುತ್ತದೆ. ಒಂದು ಕಂಪನಿಯ ಒಳಭಾಗಕ್ಕೆ ಮತ್ತೊಂದರ ಹೊರಭಾಗ ಹೊಂದದ ಕಾರಣ ಕೊಳ್ಳುವವನಿಗೆ ಆಯ್ಕೆಯೂ ಇಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ದಿನಗೂಲಿಗೆ ದುಡಿಯುವ ತಂದೆ ಹಣ ಹೊಂದಿಸುವಷ್ಟು ದಿನವೂ ಮಗುವಿನ ಲೋಕ ಮೌನವಾಗಿರಬೇಕೆ? ಯಾವ ಯೋಜನೆಯೇ ಆಗಲಿ, ದುರಸ್ತಿ, ಬಿಡಿಭಾಗ, ಬದಲಿ ಯಂತ್ರಗಳನ್ನು ಮಗು ಬೆಳೆದು ತನ್ನ ಕಾಲಮೇಲೆ ನಿಲ್ಲುವವರೆಗೂ ತನ್ನ ಕರ್ತವ್ಯವೆಂದೇ ಎಣಿಸಬೇಕು.

ಕನ್ನಡ ಕಲಿಸುವವನಾಗಿ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಸಹಜವಾದ ಕಿವಿಯಲ್ಲಿ ಸುಮಾರು 30,000 ನರತಂತುಗಳು ಶಬ್ದವನ್ನು ಒಯ್ಯುತ್ತವೆ. ಕೆಲವೇ ವಿದ್ಯುದಗ್ರಗಳಿಂದ ಕೇಳುವ ಮಗುವಿಗೆ ‘ಕತೆ’ಗೂ ‘ಕತ್ತೆ’ಗೂ, ‘ಕಲೆ’ಗೂ ‘ಕಳೆ’ಗೂ ಇರುವ ಭೇದ ತಾನಾಗಿ ಹೊಳೆಯದು, ನೂರು ಸಲ ಕೇಳಬೇಕು. ನೂರು ಸಲ ಬೇಸರವಿಲ್ಲದೆ ಹೇಳಬಲ್ಲವರು ತಾಯಿ, ಅಜ್ಜಿ, ಅಕ್ಕಂದಿರೇ ಹೊರತು ಬೇರಾರೂ ಅಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ತನ್ನ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರನ್ನೂ ಮಕ್ಕಳ ಜೊತೆಗೆ ಕೂರಿಸುವುದು ಇದನ್ನರಿತೇ. ಆದರೆ ನಮ್ಮ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ, ಮುಂದೆ ಶಾಲೆ ಇಂಗ್ಲಿಷಿನದೆಂಬ ಆತುರದಿಂದ, ತಾವೇ ತಡವರಿಸುವ ಭಾಷೆಯಲ್ಲಿ ಮಕ್ಕಳೊಡನೆ ಮಾತನಾಡುವ ಮನೆಗಳು ಎಷ್ಟಿಲ್ಲ! ಅಂತಹ ಮಾತಿನಲ್ಲಿ ಲಾಲಿಯಿಲ್ಲ, ಗದರಿಕೆಯಿಲ್ಲ, ಒಗಟಿಲ್ಲ. ಕೇಳಿಸಿದರೂ ಅದು ಬಡವಾದ ಕೇಳಿಕೆ. ಮನೆಮಾತು ತೆಲುಗೋ ತಮಿಳೋ ಉರ್ದುವೋ ಆಗಿದ್ದರೆ ಮೊದಲು ಅದೇ ಕಿವಿಗೆ ಬೀಳಲಿ. ಸನ್ನೆಭಾಷೆಯ ದಾರಿ ಹಿಡಿದವರ ನುಡಿಯೂ ಪೂರ್ಣವಾದ ನುಡಿಯೇ. ಯಾವುದಾದರೂ ಒಂದು ಭಾಷೆ ಮಗುವಿಗೆ ತುಂಬಿ ದೊರೆಯಬೇಕೆಂಬುದಷ್ಟೆ ನನ್ನ ವಾದ.

ಒಳಗಿನ ಅರ್ಧವನ್ನು ವೈದ್ಯರು ನೆಲೆಗೊಳಿಸಿದರು. ಹೊರಗಿನ ಅರ್ಧ ಸರ್ಕಾರದ್ದು, ಮನೆಯದು, ಶಾಲೆಯದು. ಅಂತಹ ಮಗುವೊಂದು ತರಗತಿಯಲ್ಲಿದ್ದರೆ ಉಪಾಧ್ಯಾಯರು ಅದನ್ನು ಮುಂದಿನ ಬೆಂಚಿನಲ್ಲಿ ಕೂರಿಸಲಿ. ಕರಿಹಲಗೆಯ ಕಡೆಗೆ ತಿರುಗಿ ಮಾತನಾಡದೆ ಮಗುವಿಗೆ ಮುಖ ಕಾಣುವಂತೆ ಮಾತನಾಡಲಿ. ಇದಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಾಗಿಲ್ಲ.